ಹಿಟ್ಟು, ಬಾಡು ಮತ್ತು ಎರಡು ಬಗೆಯ ಸೊಪ್ಪು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಊಟವೆಂದರೆ ಹಿಟ್ಟು. ಆಂಧ್ರದ ಗಡಿಗೆ ತಗುಲಿಕೊಂಡ ಊರುಗಳಲ್ಲಿ ತೆಲುಗು ಮನೆಮಾತಿನವರು ಅದನ್ನೇ ಸಂಗಟಿ ಎನ್ನುತ್ತಾರೆ. ಹೆಸರು ಎರಡಾದರೂ ಬಿಸಿಯಾಗಿ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಸೋಕಿಸದೆ ನುಂಗುವ ಮುದ್ದೆ ಒಂದೇ. ‘ಹಿಟ್ಟಂ ತಿಂದು ಬೆಟ್ಟಂ ಕಿತ್ತಿಟ್ಟಂ’ ಎಂಬ ಮಾತನ್ನು ಇಲ್ಲಿಯ ಮಕ್ಕಳು ಅಕ್ಷರ ಕಲಿಯುವ ಮುಂಚೆಯೇ ಕಲಿತಿರುತ್ತಾರೆ. ಇಂಥ ಹಿಟ್ಟಿನ ಮೇಲೆಯೇ 1990ರಲ್ಲಿ ಒಂದು ಆಪಾದನೆ ಬಂದಿತೆಂದರೆ ನಮ್ಮ ಸೀಮೆಯವರು ನಂಬಲಾರರು. ಆದರೂ ಬಂದದ್ದು ನಿಜ. ಅದಾದ ಇಪ್ಪತ್ತೈದು ವರ್ಷಕ್ಕೆ, 2015ರಲ್ಲಿ, ಹಬ್ಬದ ಬಾಡಿನ ಮೇಲೆ ಇನ್ನೊಂದು ಆಪಾದನೆ ಬಂತು. ಎರಡರ ವಿಷಯವೂ ಒಂದೇ: ಕ್ಯಾನ್ಸರ್. ಈ ಎರಡು ಆಪಾದನೆಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ನಮ್ಮ ತಟ್ಟೆಯಲ್ಲಿ ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಾಗಿಲ್ಲ ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆಂದು ನನಗೆ ತೋರುತ್ತದೆ.

ಮೊದಲು ತಟ್ಟೆಯ ಚರಿತ್ರೆಯನ್ನು ಹೇಳಬೇಕು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಬಂದು, ಮಳೆ ಕಡಿಮೆಯಾದ ನಮ್ಮ ಕೆಂಪು ನೆಲಕ್ಕೆ ಒಗ್ಗಿಕೊಂಡಿತು. 1800ರಲ್ಲಿ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಮೈಸೂರು ಸೀಮೆಗೆ ಬರುತ್ತ ಕೋಲಾರವನ್ನು ಹಾದು ಹೋದಾಗ, ಹೊಲದ ಬೆಳೆಗಳಲ್ಲಿ ರಾಗಿಯದೇ ದೊಡ್ಡಸ್ತಿಕೆ. ಹುಳು ಹಿಡಿಯದ ಧಾನ್ಯವಾದುದರಿಂದ ಅದನ್ನು ಹಗೇವಿನಲ್ಲಿ ತುಂಬಿ ಮೇಲೆ ಮಣ್ಣು ಮುಚ್ಚಿದರೆ ಬರಗಾಲಕ್ಕೆ ಆಗುತ್ತಿತ್ತು. ಹಿಟ್ಟಿನ ಜೊತೆಗೆ ಸೊಪ್ಪು: ದಂಟು, ಕೀರೆ, ಚಕ್ಕೋತ, ಹೊನಗೊನೆ, ನುಗ್ಗೆ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆಸೊಪ್ಪು, ಗೋಣಿಸೊಪ್ಪು. ಎಲ್ಲವನ್ನೂ ಒಂದು ಮಡಿಲಿಗೆ ಕಿತ್ತು ತಂದರೆ ಅದು ಬೆರಕೆ ಸೊಪ್ಪು. ಅದರಿಂದ ಮಸ್ಸೊಪ್ಪು, ಬಸ್ಸಾರು. ಚಳಿಗಾಲ ಬಂದರೆ ಅವರೆಕಾಯಿ.

ಬಾಡು ಹೀಗೆ ದಿನನಿತ್ಯದ ಪದಾರ್ಥವಾಗಿರಲಿಲ್ಲ. ಯುಗಾದಿಯ ಮರುದಿನದ ಹೊಸತೊಡಕು, ಊರ ಮಾರಿಯ ಹಬ್ಬ, ನೆಂಟರು ಬಂದ ದಿನ, ಇಷ್ಟೇ. ಹತ್ತಾರು ಮನೆಯವರು ಸೇರಿ ಒಂದು ಕುರಿ ಕೊಯ್ದು, ಬಾಡನ್ನು ಗುಡ್ಡೆ ಗುಡ್ಡೆಯಾಗಿ ಹಾಕಿ, ಮನೆಗೊಂದು ಗುಡ್ಡೆಯಂತೆ ಹಂಚಿಕೊಳ್ಳುತ್ತಿದ್ದರು. ಒಂದು ಗುಡ್ಡೆಯಲ್ಲಿ ಮನೆಮಂದಿಯೆಲ್ಲ ಉಣ್ಣಬೇಕು. ಆದುದರಿಂದ ಸಾರು ಹೆಚ್ಚು, ತುಂಡು ಕಡಿಮೆ.

ಈ ತಟ್ಟೆಯ ಪಕ್ಕದಲ್ಲಿ ಇನ್ನೊಂದು ಎಲೆಯೂ ಬಂದು ಕುಳಿತಿತು. ಪೋರ್ಚುಗೀಸರು ಅಮೆರಿಕದಿಂದ ತಂದ ಹೊಗೆಸೊಪ್ಪು ನಮ್ಮ ದೇಶಕ್ಕೆ ಬಂದು ನಾನೂರು ವರ್ಷಗಳಾಗಿವೆ. ಬಡವರ ಮನೆಯಲ್ಲಿ ಅದರ ರೂಪ ಕಡ್ಡಿಪುಡಿ. ಎಲೆ ಅಡಕೆ ಸುಣ್ಣದೊಡನೆ ಕೂಡಿಸಿಕೊಂಡರೆ ಹಸಿವು ತಡೆಯುತ್ತದೆ, ಹಲ್ಲುನೋವು ಮರೆಯುತ್ತದೆ ಎಂದು ಕೂಲಿಗೆ ಹೋಗುವ ಹೆಂಗಸರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ಇನ್ನು ರೋಗದ ಚರಿತ್ರೆ. ಯಾವ ಊರಿನಲ್ಲಿ ಎಷ್ಟು ಜನಕ್ಕೆ ಕ್ಯಾನ್ಸರ್ ಬರುತ್ತದೆಂದು ಎಣಿಸದೆ ಅದರ ಕಾರಣವನ್ನು ಹುಡುಕಲಾಗದು. ತಿರುವಾಂಕೂರು ಸೀಮೆಯ ನೆಯ್ಯೂರಿನಲ್ಲಿದ್ದ ವೈದ್ಯ ಓರ್ ಎಂಬವರು ತಾಂಬೂಲ ಜಗಿಯುವವರ ಬಾಯಿಯ ಕ್ಯಾನ್ಸರನ್ನು ಕುರಿತು 1933ರಲ್ಲೇ ಬರೆದಿದ್ದರು. ಆದರೆ ಅದು ಒಂದು ಆಸ್ಪತ್ರೆಯ ಲೆಕ್ಕ. ಇಡೀ ಊರಿನ ಜನಸಂಖ್ಯೆಯನ್ನು ಹಿಡಿದು ಎಣಿಸುವ ದಾಖಲೆ ನಮ್ಮ ದೇಶದಲ್ಲಿ ಮೊದಲಾದದ್ದು 1963ರಲ್ಲಿ, ಮುಂಬಯಿಯಲ್ಲಿ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಹುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಂತೆ 1982ರಿಂದ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ ಅಲ್ಲಿ ನಡೆಯತೊಡಗಿತು. ಗಂಡಸರಲ್ಲಿ ಜಠರ ಮತ್ತು ಅನ್ನನಾಳದ ಕ್ಯಾನ್ಸರ್, ಹೆಂಗಸರಲ್ಲಿ ಗರ್ಭಕೊರಳು, ಸ್ತನ ಮತ್ತು ಬಾಯಿಯ ಕ್ಯಾನ್ಸರ್ ಎದ್ದು ಕಂಡವು. ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿಗಳು ಆ ಎಣಿಕೆಯ ಗೆರೆಯಿಂದ ಹೊರಗೆ. ಆದರೆ ಅದೇ ಹಿಟ್ಟು, ಅದೇ ಕಡ್ಡಿಪುಡಿ ಬೆಂಗಳೂರಿನ ಕೂಲಿಕೇರಿಗಳಲ್ಲೂ ಇದ್ದವು.

ಈ ನೋಂದಣಿಯನ್ನೇ ಆಧಾರವಾಗಿಟ್ಟುಕೊಂಡು ಡಾ. ನಂದಕುಮಾರ್ ಮತ್ತು ಅವರ ಸಂಗಡಿಗರು ಬಾಯಿಯ ಕ್ಯಾನ್ಸರಿನ 348 ರೋಗಿಗಳನ್ನು, ಅದೇ ಬಡಾವಣೆಯ, ಅದೇ ವಯಸ್ಸಿನ ಆರೋಗ್ಯವಂತರೊಡನೆ ಹೋಲಿಸಿ ನೋಡಿದರು. 1990ರಲ್ಲಿ ಬ್ರಿಟನ್ನಿನ ಕ್ಯಾನ್ಸರ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹೊಗೆಸೊಪ್ಪಿನೊಡನೆ ತಾಂಬೂಲ ಜಗಿಯುವ ಹೆಂಗಸರಿಗೆ, ಜಗಿಯದವರಿಗಿಂತ ಸುಮಾರು 25 ಪಟ್ಟು ಅಪಾಯ. ರಾತ್ರಿ ಮಲಗುವಾಗಲೂ ಕೆನ್ನೆಯಲ್ಲಿ ಇಟ್ಟುಕೊಂಡವರಿಗೆ ಅಪಾಯ ಬಹಳ. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದುದು ಇನ್ನೊಂದು: ರಾಗಿಯನ್ನು ಮುಖ್ಯ ಧಾನ್ಯವಾಗಿ ಉಣ್ಣುವವರಲ್ಲಿ, ಉಣ್ಣದವರಿಗಿಂತ ಬಾಯಿಯ ಕ್ಯಾನ್ಸರ್ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ರಾಗಿಯೂ ಹೊಗೆಸೊಪ್ಪೂ ಎರಡೂ ಇದ್ದವರಲ್ಲಿ ಇನ್ನೂ ಹೆಚ್ಚು. ಇದು ಹೊಸ ಸಂಗತಿಯೆಂದು ಅವರೇ ಬರೆದರು.

ಇದನ್ನು ಓದಿ ಸಿಟ್ಟಾಗುವುದು ಸುಲಭ. ಆದರೆ ಅಂಕಿಯ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಕೇಳಬೇಕು. ಆ ಕಾಲದ ಬೆಂಗಳೂರಿನಲ್ಲಿ ದಿನವೂ ಹಿಟ್ಟು ಉಣ್ಣುತ್ತಿದ್ದವರು ಯಾರು? ಹೆಚ್ಚಿನ ಮಟ್ಟಿಗೆ ಹಳ್ಳಿ ಬಿಟ್ಟು ಬಂದ ಕೂಲಿಯವರು, ಕಲ್ಲು ಒಡೆಯುವವರು, ಗಾರೆ ಹೊರುವವರು. ಹಣ್ಣು ತರಕಾರಿಗೆ ಕಾಸಿಲ್ಲದವರು, ಹಲ್ಲಿನ ವೈದ್ಯರ ಮುಖ ಕಾಣದವರು, ಹೊಗೆಸೊಪ್ಪನ್ನು ಹೆಚ್ಚು ಹೊತ್ತು ಬಾಯಲ್ಲಿಟ್ಟವರೂ ಅವರೇ. ಒಂದೇ ಬಡಾವಣೆಯಲ್ಲೂ ಗುಡಿಸಲು ಇರುತ್ತದೆ, ಮಹಡಿಮನೆ ಇರುತ್ತದೆ. ಬಡತನದ ಗುರುತಾಗಿ ರಾಗಿ ಅಲ್ಲಿ ಸಾಕ್ಷಿ ಕಟ್ಟೆಗೆ ಬಂದಿತೇ ಹೊರತು ಅಪರಾಧಿಯಾಗಿ ಅಲ್ಲವೆಂದು ಊಹಿಸಲು ಅವಕಾಶವಿದೆ. ಇದಕ್ಕೆ ಒಂಬತ್ತು ವರ್ಷ ಮುಂಚೆ, 1981ರಲ್ಲಿ, ದಕ್ಷಿಣ ಆಫ್ರಿಕದ ವಾನ್ ರೆನ್ಸ್‌ಬರ್ಗ್ ಅನ್ನನಾಳದ ಕ್ಯಾನ್ಸರನ್ನು ಕುರಿತು ಬರೆಯುತ್ತ, ಗೋಧಿ ಮತ್ತು ಮೆಕ್ಕೆಜೋಳ ಉಣ್ಣುವ ಜನರಲ್ಲಿ ಅದು ಹೆಚ್ಚು, ಜೋಳ ಕಿರುಧಾನ್ಯ ಉಣ್ಣುವವರಲ್ಲಿ ಕಡಿಮೆ ಎಂದಿದ್ದರು. ಒಂದು ಕಡೆ ಕಿರುಧಾನ್ಯಕ್ಕೆ ಹೊಗಳಿಕೆ, ಇನ್ನೊಂದು ಕಡೆ ತೆಗಳಿಕೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫ್ರಾನ್ಸಿನ ಲಿಯೋನಿನಲ್ಲಿದೆ. ಕ್ಯಾನ್ಸರ್ ಉಂಟುಮಾಡುವ ವಸ್ತುಗಳನ್ನು ಅದು ತೂಗಿ ನೋಡಿ ವರ್ಗ ಮಾಡುತ್ತದೆ. ಹೊಗೆಸೊಪ್ಪಿನ ತಾಂಬೂಲವನ್ನು ಅದು 1985ರಲ್ಲೇ ಕ್ಯಾನ್ಸರಿನ ಕಾರಣವೆಂದು ಹೇಳಿತು. ಹೊಗೆಸೊಪ್ಪಿಲ್ಲದಿದ್ದರೂ ಅಡಕೆ ತಾನೇ ಕಾರಣವೆಂದು 2004ರಲ್ಲಿ ಪ್ರಕಟಿಸಿತು. ಆ ಪಟ್ಟಿಯಲ್ಲಿ ರಾಗಿಯ ಹೆಸರಿಲ್ಲ.

ಬಾಡಿನ ಮೊಕದ್ದಮೆ ಹೀಗಲ್ಲ. ಅದರ ಸಾಕ್ಷಿಗಳು ಬೇರೆ ಬೇರೆ ದೇಶಗಳಿಂದ ಬಂದರು. ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಅಲ್ಲಿಯ ಹಳ್ಳಿಗರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಅಪರೂಪವೆಂದು ಕಂಡು, ಅವರ ಊಟದ ನಾರೇ ಅದಕ್ಕೆ ಕಾರಣವೆಂದು 1971ರಲ್ಲಿ ವಾದಿಸಿದರು. ಜಪಾನಿನ ಸುಗಿಮುರ, ಸುಟ್ಟು ಕರಿಯಾದ ಮೀನು ಮಾಂಸದಲ್ಲಿ ಜೀವಕಣದ ಬೀಜಗುಣವನ್ನೇ ಕೆಡಿಸುವ ವಸ್ತುಗಳಿವೆಯೆಂದು 1977ರಲ್ಲಿ ತೋರಿಸಿದರು. ಇಂಗ್ಲೆಂಡಿನ ಡಾಲ್ ಮತ್ತು ಪೀಟೋ 1981ರಲ್ಲಿ, ಅಮೆರಿಕದ ಕ್ಯಾನ್ಸರ್ ಸಾವುಗಳಲ್ಲಿ ಸುಮಾರು ಶೇಕಡಾ 35ಕ್ಕೆ ಆಹಾರ ಕಾರಣವಿರಬಹುದೆಂದು ಅಂದಾಜು ಮಾಡಿ, ಅದು 10 ಇರಬಹುದು 70 ಕೂಡ ಇರಬಹುದು ಎಂದು ಪ್ರಾಮಾಣಿಕವಾಗಿ ಸೇರಿಸಿದರು. ಕೇಂಬ್ರಿಜ್‌ನ ಷೀಲಾ ಬಿಂಗಮ್ 1996ರಲ್ಲಿ, ದಿನಕ್ಕೆ 60 ಗ್ರಾಂ ಮಾಂಸ ತಿನ್ನುತ್ತಿದ್ದವರಿಗೆ 600 ಗ್ರಾಂ ಕೊಟ್ಟು ನೋಡಿದಾಗ ಕರುಳಿನಲ್ಲಿ ನೈಟ್ರೋಸೋ ಎಂಬ ವಿಷವಸ್ತುಗಳು ಏರಿದವು. ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಕಬ್ಬಿಣದ ಅಂಶವೇ ಅದಕ್ಕೆ ಮೂಲವೆಂದು ಮುಂದೆ ತಿಳಿಯಿತು.

ಇವೆಲ್ಲದರ ತೀರ್ಪು ಲಿಯೋನಿನಲ್ಲಿ 2015ರ ಅಕ್ಟೋಬರಿನಲ್ಲಿ ಆಯಿತು. ಹತ್ತು ದೇಶಗಳ 22 ಮಂದಿ ಪಂಡಿತರು 800ಕ್ಕೂ ಹೆಚ್ಚು ಅಧ್ಯಯನಗಳನ್ನು ಓದಿದರು. ಉಪ್ಪು ಹಾಕಿ, ಹೊಗೆಗಿಟ್ಟು, ರಾಸಾಯನಿಕ ಬೆರೆಸಿ ಕಾದಿಟ್ಟ ಮಾಂಸ ಕ್ಯಾನ್ಸರಿಗೆ ಕಾರಣವೆಂದೂ, ಕುರಿ, ಮೇಕೆ, ದನ, ಹಂದಿಗಳ ಕೆಂಪು ಮಾಂಸ ಬಹುಶಃ ಕಾರಣವೆಂದೂ ಹೇಳಿದರು. ಕಾದಿಟ್ಟ ಮಾಂಸ ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಶೇಕಡಾ 18ರಷ್ಟು, ಕೆಂಪು ಮಾಂಸ ದಿನಕ್ಕೆ 100 ಗ್ರಾಂ ತಿಂದರೆ ಶೇಕಡಾ 17ರಷ್ಟು ಏರಬಹುದು. ಹೊಗೆಸೊಪ್ಪನ್ನೂ ಕಾದಿಟ್ಟ ಮಾಂಸವನ್ನೂ ಒಂದೇ ವರ್ಗಕ್ಕೆ ಸೇರಿಸಿದ್ದನ್ನು ನೋಡಿ ಅನೇಕರು ಎರಡೂ ಸಮಾನ ಅಪಾಯವೆಂದುಕೊಂಡರು. ವರ್ಗ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು. ಪೆಟ್ಟು ಎಷ್ಟು ಜೋರು ಎಂಬುದನ್ನಲ್ಲ. ಒಂದು ಕಡೆ ಶೇಕಡಾ 18 ಹೆಚ್ಚು, ಇನ್ನೊಂದು ಕಡೆ 25 ಪಟ್ಟು. ಹಾವು ಕಚ್ಚುತ್ತದೆ, ಇರುವೆಯೂ ಕಚ್ಚುತ್ತದೆ. ಎರಡೂ ಕಚ್ಚುವುದು ಖಂಡಿತ.

ಗುಡ್ಡೆ ಬಾಡಿನ ಕಾಲದಲ್ಲಿ ದಿನಕ್ಕೆ 100 ಗ್ರಾಂ ಎಂಬ ಮಾತೇ ನಮ್ಮವರಿಗೆ ಹಾಸ್ಯವಾಗಿ ಕಾಣುತ್ತಿತ್ತು. ನೀರಿನಲ್ಲಿ ಬೇಯಿಸಿದ ಸಾರಿನಲ್ಲಿ, ಬೆಂಕಿಗೆ ಒಡ್ಡಿ ಕರಿದ ತುಂಡಿನಲ್ಲಿರುವಷ್ಟು ಸುಗಿಮುರರ ವಿಷವಸ್ತುಗಳು ಹುಟ್ಟುವುದೂ ಇಲ್ಲ. ಆದರೆ ಕಾಲ ಹಾಗೆಯೇ ನಿಂತಿಲ್ಲ. ಈಗ ವಾರವಾರವೂ ಬಾಡು ತರುವ ಮನೆಗಳಿವೆ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಸಂಜೆಯಾದರೆ ಕೆಂಡದ ಹೊಗೆ ಏಳುತ್ತದೆ. ಬೇಯಿಸಿದ ಕೆಂಪು ಮಾಂಸ ವಾರಕ್ಕೆ 350ರಿಂದ 500 ಗ್ರಾಂ ಮೀರದಿರಲಿ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2018ರಲ್ಲಿ ಹೇಳಿತು. ಮಾಂಸ ಬಿಡಿ ಎಂದು ಅದು ಹೇಳಲಿಲ್ಲ. ಈ ವಿಜ್ಞಾನವನ್ನು ಒಬ್ಬರ ಜಾತಿಯ ಊಟವನ್ನು ಹಳಿಯಲು ಕೋಲಾಗಿ ಹಿಡಿಯುವವರನ್ನು ನಾನು ಕಂಡಿದ್ದೇನೆ. ಮಾಂಸ ಮುಟ್ಟದ ಮನೆಯಲ್ಲೂ ಅಡಕೆಯ ತಟ್ಟೆ ಇರುತ್ತದೆಂಬುದನ್ನು ಅವರು ನೆನೆಯಬೇಕು.

ಇನ್ನು ಸಸ್ಯದಲ್ಲಿರುವ ಗುಣದ್ರವ್ಯಗಳ ಮಾತು. ಸೊಪ್ಪು ತರಕಾರಿ ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಎಂದು ಕಂಡ ಕೂಡಲೆ, ಅದರೊಳಗಿನ ಸತ್ತ್ವವನ್ನು ಹಿಂಡಿ ಗುಳಿಗೆ ಮಾಡುವ ಆಸೆ ಹುಟ್ಟಿತು. ಫಿನ್ಲೆಂಡಿನಲ್ಲಿ ಹೊಗೆ ಸೇದುವ 29,133 ಗಂಡಸರನ್ನು ಪರೀಕ್ಷೆಗೆ ಸೇರಿಸಿ, ಕೆಲವರಿಗೆ ಗಜ್ಜರಿಯ ಬಣ್ಣದ ದ್ರವ್ಯವಾದ ಬೀಟಾ ಕೆರೊಟೀನನ್ನು ಗುಳಿಗೆಯಾಗಿ ಕೊಟ್ಟರು. 1994ರಲ್ಲಿ ಲೆಕ್ಕ ನೋಡಿದರೆ ಗುಳಿಗೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚು! ಅಮೆರಿಕದಲ್ಲಿ ಇಂಥದೇ ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಲ್ಲಿ ಶೇಕಡಾ 28 ಹೆಚ್ಚು. ಗಜ್ಜರಿ ತಿಂದು ಯಾರೂ ಕೆಟ್ಟಿರಲಿಲ್ಲ, ಗಜ್ಜರಿಯ ಸಾರವನ್ನು ನುಂಗಿ ಕೆಟ್ಟರು.

ಟೊಮೆಟೊ ಕಥೆ ನಮಗೆ ಇನ್ನೂ ಹತ್ತಿರದ್ದು. ಸುಮಾರು 47,000 ಅಮೆರಿಕನ್ ಗಂಡಸರನ್ನು ಗಮನಿಸಿದ ಜೊವನುಚ್ಚಿ, ಟೊಮೆಟೊ ಹೆಚ್ಚು ತಿನ್ನುವವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಕಡಿಮೆಯೆಂದು 1995ರಲ್ಲಿ ಬರೆದರು. ಅದರ ಕೆಂಪು ದ್ರವ್ಯ ಲೈಕೊಪೀನ್ ಹೆಸರು ಜಗತ್ತಿಗೆಲ್ಲ ಹಬ್ಬಿತು. ಅಮೆರಿಕ ಸರ್ಕಾರದ ಆಹಾರ ಇಲಾಖೆ ಎಲ್ಲ ಅಧ್ಯಯನಗಳನ್ನೂ ನೋಡಿ, ಲೈಕೊಪೀನ್ ಕ್ಯಾನ್ಸರ್ ತಡೆಯುತ್ತದೆಂದು ಹೇಳಲು ಆಧಾರ ಸಾಲದೆಂದು 2005ರಲ್ಲಿ ತೀರ್ಮಾನಿಸಿತು. ಕೋಲಾರದ ಟೊಮೆಟೊ ಮಂಡಿ ಏಷ್ಯದ ದೊಡ್ಡ ಮಂಡಿಗಳಲ್ಲಿ ಒಂದು. ನಮ್ಮ ರೈತನಿಗೆ ಬೆಲೆ ಸಿಗಲಿ. ಆದರೆ ಅದನ್ನು ಔಷಧವೆಂದು ಮಾರಬೇಕಾಗಿಲ್ಲ, ಒಳ್ಳೆಯ ಕಾಯಿಯೆಂದು ಮಾರಿದರೆ ಸಾಕು.

ನಾರಿನ ವಿಷಯದಲ್ಲೂ ಏರಿಳಿತಗಳುಂಟು. 2000ದಲ್ಲಿ ಅಮೆರಿಕದ ಒಂದು ಪರೀಕ್ಷೆ ನಾಲ್ಕು ವರ್ಷ ನಾರಿನ ಊಟ ಕೊಟ್ಟರೂ ಕರುಳಿನ ಗಂಟುಗಳು ಮರಳುವುದು ತಪ್ಪಲಿಲ್ಲವೆಂದಿತು. ಯುರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ 2003ರಲ್ಲಿ, ನಾರು ಹೆಚ್ಚಾದಂತೆ ಕ್ಯಾನ್ಸರ್ ಕಡಿಮೆಯೆಂದಿತು. ಇಡಿಧಾನ್ಯ ಮತ್ತು ನಾರು ದೊಡ್ಡಕರುಳನ್ನು ಕಾಯುವುದು ಸಂಭವನೀಯವೆಂಬುದು 2018ರ ತೀರ್ಮಾನ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹೀಮಿನ ಕೇಡನ್ನು ಸೊಪ್ಪಿನ ಹಸಿರು ತಡೆಯಿತೆಂದು ಡಚ್ ಸಂಶೋಧಕರು 2005ರಲ್ಲಿ ತೋರಿಸಿದರು, ಆದರೆ ಇಲಿಗಳ ಕರುಳಿನಲ್ಲಿ. ಬಾಡಿನ ಸಾರಿನ ಜೊತೆಗೆ ಸೊಪ್ಪೂ ಇರಲಿ ಎನ್ನಲು ಅಷ್ಟು ಸಾಕು. ಇದ್ದರೆ ಎಷ್ಟು ಬಾಡಾದರೂ ತಿನ್ನಬಹುದು ಎನ್ನಲು ಸಾಲದು.

ಹೀಗೆ ಎರಡು ಮೊಕದ್ದಮೆಗಳನ್ನೂ ಓದಿ ಮುಗಿಸಿದಾಗ ನನಗೆ ಉಳಿಯುವ ಚಿಂತೆ ಹಿಟ್ಟಿನದಲ್ಲ, ಬಾಡಿನದೂ ಅಲ್ಲ. ನಮ್ಮ ಮಾತಿನಲ್ಲಿ ಬೆರಕೆ ಸೊಪ್ಪೂ ಸೊಪ್ಪೇ, ಹೊಗೆಸೊಪ್ಪೂ ಸೊಪ್ಪೇ. ಗಿಡದ್ದೆಂದ ಮಾತ್ರಕ್ಕೆ ಒಳ್ಳೆಯದಲ್ಲ. ಬೆರಕೆ ಸೊಪ್ಪು ಕೀಳಬಲ್ಲ ಹೆಂಗಸರು ಹಳ್ಳಿಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಕಡ್ಡಿಪುಡಿಯ ಪೊಟ್ಟಣ ಮಾತ್ರ ಎಲ್ಲ ಅಂಗಡಿಯಲ್ಲೂ ತೂಗಾಡುತ್ತದೆ. 1990ರ ಆ ಲೇಖನದಲ್ಲಿ ರಾಗಿಯ ಮಾತು ಕುತೂಹಲ ಹುಟ್ಟಿಸಿತು. ಹೆಂಗಸರ ಕೆನ್ನೆಯ ಮಾತು ಆಗಲೇ ಸ್ಪಷ್ಟವಾಗಿತ್ತು, ಈಗಲೂ ಸ್ಪಷ್ಟವಾಗಿದೆ. ಬಾಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ, ಬಾಯಿ ಅಗಲವಾಗಿ ತೆರೆಯಲಾಗದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೊದಲಲ್ಲೇ ಹಿಡಿದರೆ ಬಾಯಿಯ ಕ್ಯಾನ್ಸರ್ ವಾಸಿಯಾಗುವ ರೋಗ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಜಗಿಯುವವರಿದ್ದರೆ, ಹಿಟ್ಟು ಬಡಿಸಿದ ಮೇಲೆ ಒಂದು ಸಲ ಬೆಳಕಿನಲ್ಲಿ ಕೂರಿಸಿ ಅವರ ಬಾಯಿಯನ್ನು ನೋಡಿ.