ಈಜುಗಾರರ ತುರಿಕೆ

ಕೆರೆ, ಸರೋವರ, ಗದ್ದೆಗಳ ನೀರಿನಲ್ಲಿರುವ ಪರೋಪಜೀವಿ ಹುಳುವಿನ ಮರಿಗಳು ಚರ್ಮ ಹೊಕ್ಕಾಗ ಏಳುವ ತುರಿಗಂದೆ. ವೈದ್ಯರು ಇದನ್ನು ಸರ್ಕೇರಿಯ ಚರ್ಮದ ಉರಿಯೂತ ಎನ್ನುತ್ತಾರೆ. ಕಾರಣ, ನೀರುಹಕ್ಕಿಗಳ ಅಥವಾ ದನ-ಎಮ್ಮೆಗಳ ರಕ್ತನಾಳದಲ್ಲಿ ವಾಸಿಸುವ ಷಿಸ್ಟೊಸೋಮ ಗುಂಪಿನ ಹುಳುಗಳು. ಇವುಗಳ ಮೊಟ್ಟೆ ನೀರು ಸೇರಿ ಒಡೆಯುತ್ತದೆ. ಮರಿ ಬಸವನಹುಳುವಿನೊಳಗೆ ಬೆಳೆದು, ಬಾಲವುಳ್ಳ ಸರ್ಕೇರಿಯವಾಗಿ ಹೊರಬರುತ್ತದೆ. ಮನುಷ್ಯನ ಚರ್ಮ ಹೊಕ್ಕ ಸರ್ಕೇರಿಯ ಅಲ್ಲೇ ಸಾಯುತ್ತದೆ. ಅದಕ್ಕೆ ದೇಹ ತೋರುವ ಅಲರ್ಜಿಯೇ ತುರಿಕೆ.

ಇತಿಹಾಸ: ಗದ್ದೆಗಿಳಿದವರ ಕಾಲಲ್ಲಿ ಗಂದೆ ಏಳುವುದನ್ನು ಜಪಾನಿನ ಕಾಟಯಾಮ ಪ್ರದೇಶದ ವೈದ್ಯ ಫುಜಿಯಿ 1847ರಲ್ಲಿ ದಾಖಲಿಸಿದ. ಅಲ್ಲಿಯದು ಮನುಷ್ಯನ ದೇಹದಲ್ಲೇ ಬೆಳೆಯುವ, ಹೆಚ್ಚು ಅಪಾಯಕಾರಿಯಾದ ಷಿಸ್ಟೊಸೋಮ. ಆ ಹುಳುವನ್ನು ಕಟ್ಸುರಾದ 1904ರಲ್ಲಿ ಗುರುತಿಸಿದ. ಅದು ಬಸವನಹುಳುವಿನಲ್ಲಿ ಬೆಳೆಯುವುದನ್ನು ಮಿಯಾಯಿರಿ ಮತ್ತು ಸುಜುಕಿ 1913ರಲ್ಲಿ ತೋರಿಸಿದರು. ಮನುಷ್ಯನಲ್ಲಿ ಬೆಳೆಯದ ಷಿಸ್ಟೊಸೋಮಗಳಿಂದಲೂ ಗಂದೆ ಏಳುತ್ತದೆಂದು ಸ್ಥಾಪಿಸಿದವನು ಅಮೆರಿಕದ ವಿಲಿಯಂ ಕಾರ್ಟ್. ಮಿಶಿಗನ್ನಿನ ಡಗ್ಲಸ್ ಸರೋವರದ ಬಸವನಹುಳುಗಳನ್ನು ಅಧ್ಯಯನ ಮಾಡಿ, ಈಜುವವರ ತುರಿಕೆಗೆ ಸರ್ಕೇರಿಯವೇ ಮೂಲವೆಂದು 1928ರಲ್ಲಿ ಪ್ರಕಟಿಸಿದ.

ಮುಂದೆ ಅಮೆರಿಕದ ಸರೋವರಗಳಿಗೆ ಮೈಲುತುತ್ತ ಸುರಿದು ಬಸವನಹುಳುಗಳನ್ನು ಕೊಲ್ಲುವ ಪದ್ಧತಿ ಬಂತು. ಮೈಲುತುತ್ತ ಇತರ ಜಲಜೀವಿಗಳಿಗೂ ವಿಷ.

ಭಾರತದಲ್ಲಿ: ಇಲ್ಲಿ ಮುಖ್ಯ ಮೂಲ ಜಾನುವಾರು. ದನಗಳಲ್ಲಿರುವ ಷಿಸ್ಟೊಸೋಮ ಸ್ಪಿಂಡೇಲ್ ಹುಳುವನ್ನು ಮಾಂಟ್ಗೊಮೆರಿ 1906ರಲ್ಲಿ ವಿವರಿಸಿದ. ದನಗಳ ಮೂಗಿನಲ್ಲಿ ಗಂಟು ಬೆಳೆಸಿ ಗೊರಕೆ ರೋಗ ತರುವ ಷಿಸ್ಟೊಸೋಮ ನಾಸೇಲ್ ಅನ್ನು 1933ರಲ್ಲಿ ವಿವರಿಸಿದವರು ಮದರಾಸಿನ ಪಶುವೈದ್ಯ ವಿಜ್ಞಾನಿ ಎಂ. ಅನಂತನಾರಾಯಣ ರಾವ್. ಎರಡಕ್ಕೂ ಆಶ್ರಯ ಇಂಡೊಪ್ಲನಾರ್ಬಿಸ್ ಎಕ್ಸಸ್ಟಸ್ ಎಂಬ ಬಸವನಹುಳು. ದನಗಳು ನೀರಿಗಿಳಿಯುವ ಕೆರೆ, ಗದ್ದೆಗಳಲ್ಲಿ ನಾಟಿ ಮಾಡುವವರಿಗೂ ಮೀನು ಹಿಡಿಯುವವರಿಗೂ ಈ ತುರಿಕೆ ತಗಲುತ್ತದೆ. ಹೆಸರು ಈಜುಗಾರರದಾದರೂ ನಮ್ಮಲ್ಲಿ ಇದು ದುಡಿಯುವವರ ಕಾಯಿಲೆ. ಅದನ್ನು ಹಾಗೆಯೇ ಪರಿಗಣಿಸಬೇಕು.

ಲಕ್ಷಣ, ಉಪಶಮನ: ಮೊದಲ ಸಲ ತುರಿಕೆ ಅಲ್ಪ, ಮತ್ತೆ ಮತ್ತೆ ಸೋಂಕು ತಗಲಿದಂತೆ ತೀವ್ರ. ಗಂದೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಒಬ್ಬರಿಂದೊಬ್ಬರಿಗೆ ಹರಡದು. ಕೆರೆದರೆ ಕೀವು ತುಂಬಬಹುದು. ನೀರಿನಿಂದ ಬಂದ ಕೂಡಲೇ ಮೈ ಒರೆಸಿಕೊಳ್ಳುವುದು, ಗದ್ದೆಯಲ್ಲಿ ಮೊಣಕಾಲವರೆಗಿನ ರಬ್ಬರ್ ಬೂಟು ಧರಿಸುವುದು ಒಳ್ಳೆಯದು. ಜಾನುವಾರುಗಳಿಗೆ ಪಶುವೈದ್ಯರ ಸಲಹೆಯಂತೆ ಔಷಧ ಕೊಡಿಸಿದರೆ ನೀರು ಸೇರುವ ಮೊಟ್ಟೆಗಳೂ ಕಡಿಮೆಯಾಗುತ್ತವೆ.