ಕೊಕ್ಕೆಯ ಹಿಂದಿನ ಭಾರ

ನಮ್ಮ ಮನೆಯ ಹಿತ್ತಲಿನಲ್ಲಿ, ದನದ ಗ್ವಾದಲಿಯ ಮಗ್ಗುಲಿಗೆ, ತುಕ್ಕು ಹಿಡಿದ ಒಂದು ಕಬ್ಬಿಣದ ಕೊಕ್ಕೆ ನಾಲ್ವತ್ತು ವರ್ಷಗಳಿಗೂ ಮಿಕ್ಕಿ ಬಿದ್ದುಕೊಂಡಿದೆ. ಗುಜರಿಯವರು ಬಂದಾಗಲೆಲ್ಲ ಅದನ್ನು ಎತ್ತಿ ನೋಡಿ, ಅಂದಾಜಿನ ತೂಕ ಹೇಳಿ, ದರ ಕೇಳುತ್ತಾರೆ. ಅವ್ವ ಇದ್ದಾಗ "ಅದನ್ನ ಮುಟ್ಟಬ್ಯಾಡ್ರಿ" ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ಈಗ ಅವ್ವ ಇಲ್ಲ. ಆ ಮಾತನ್ನು ನಾನು ಹೇಳುತ್ತೇನೆ.

ಹೋದ ದೀಪಾವಳಿಯ ಮರುದಿನ ಮಗ ಚಹಾ ಕುಡಿಯುತ್ತ ಮಾತು ತೆಗೆದ. "ಅಪ್ಪಾ, ಟ್ರ್ಯಾಕ್ಟರ್ ಮಾರಿಬಿಡೂಣು. ಒಂದು ಪಿಕಪ್ ತರೂಣು. ಹಾಲು ಹಾಕಾಕ, ಕಾಯಿಪಲ್ಲೆ ಒಯ್ಯಾಕ, ಮಿರಜಿಗೆ ದವಾಖಾನಿಗೆ ಹೋಗಾಕ, ಎಲ್ಲಾದಕ್ಕೂ ಅದ ಆಗತೈತಿ. ಹಿಂದ ಒಂದು ಹುಕ್ಕ ಹಾಕಿಸಿದ್ರ ಟ್ರೇಲರನ್ನೂ ಅದ ಎಳೀತೈತಿ."

ನಾನು ಕೂಡಲೇ ಉತ್ತರ ಕೊಡಲಿಲ್ಲ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಜಗಲಿಯ ಮೇಲೆ, ನಾನು ಮೊದಲೂ ಕೇಳಿದ್ದೆ. ದಿನಾಲೂ ಓಡಾಡಲಿಕ್ಕೂ ಆಗಬೇಕು, ಭಾರ ಎಳೆಯಲಿಕ್ಕೂ ಆಗಬೇಕು, ಗಾಡಿ ಮಾತ್ರ ಒಂದೇ ಇರಬೇಕು. ಈ ಆಸೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನದು.

ಮುತ್ಯಾನ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಆಗ ಇದ್ದದ್ದು ಒಂದು ಚಕ್ಕಡಿ, ಒಂದು ಜೋಡಿ ಖಿಲಾರಿ ಎತ್ತು. ಕುಡಚಿಗೆ ರೈಲು ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಸದರ್ನ್ ಮರಾಠಾ ರೈಲ್ವೆಯವರ ಮೀಟರ್ ಗೇಜ್ ದಾರಿ. ಹೊಳೆಯಾಚೆಗೆ, ಈಗ ಕಾಗವಾಡ ತಾಲೂಕಿಗೆ ಸೇರಿದ ಉಗಾರ ಖುರ್ದದಲ್ಲಿ, 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ಅಲ್ಲಿಯವರೆಗೆ ಕಬ್ಬು ಎಂದರೆ ಗಾಣದ ಮಾತು, ಬೆಲ್ಲದ ಮಾತು. ಕಾರ್ಖಾನೆ ಬಂದ ಮೇಲೆ ಕಬ್ಬು ಎಂದರೆ ಸಾಗಣೆಯ ಮಾತಾಯಿತು. ಕಡಿದ ಕಬ್ಬು ಹೊಲದಲ್ಲಿ ಉಳಿದಷ್ಟು ದಿನವೂ ತೂಕ ಕಳೆದುಕೊಳ್ಳುತ್ತದೆ, ಸಿಹಿಯನ್ನೂ ಕಳೆದುಕೊಳ್ಳುತ್ತದೆ. ಹೀಗಾಗಿ ಬೆಳೆಯುವವನಿಗಿಂತ ಎಳೆಯುವವನ ಬೆಲೆ ಹೆಚ್ಚಾಯಿತು.

ಹಂಗಾಮಿನಲ್ಲಿ ಕಬ್ಬು ಹೇರುವ ಅದೇ ಚಕ್ಕಡಿ, ಮಾಘ ಮಾಸದ ಭಾರತ ಹುಣ್ಣಿಮೆಗೆ ಕೊಲ್ಲಾರಿ ಕಟ್ಟಿಕೊಂಡು ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೊರಡುತ್ತಿತ್ತು. ಹಬ್ಬಕ್ಕೂ ಅದೇ, ಹೆರಿಗೆಗೂ ಅದೇ, ಗೊಬ್ಬರಕ್ಕೂ ಅದೇ. ಖಾಲಿ ಇದ್ದರೂ ತುಂಬಿದ್ದರೂ ವೇಗದಲ್ಲಿ ಹೆಚ್ಚಿನ ಫರಕಿಲ್ಲ. ಮುಂದೆ ಕಟ್ಟಿಗೆಯ ಗಾಲಿ ಹೋಗಿ ರಬ್ಬರಿನ ಟಾಯರ್ ಗಾಡಿ ಬಂದಾಗ ಅದೇ ಎತ್ತುಗಳು ಮೊದಲಿನದರ ಹತ್ತಿರ ಹತ್ತಿರ ಎರಡು ಪಟ್ಟು ಹೊರೆ ಎಳೆಯತೊಡಗಿದವು. ಊರೆಲ್ಲ ಹಿಗ್ಗಿತು. ಮುತ್ಯಾ ಮಾತ್ರ ಹಿಗ್ಗಲಿಲ್ಲ. ಇಳುಕಲಿನಲ್ಲಿ ಎತ್ತುಗಳು ಹಿಂಗಾಲು ಊರಿ, ನೊಗವನ್ನು ಕೊಂಬಿನ ಬುಡಕ್ಕೆ ತಡೆದು, ಹಿಂದಿನ ಭಾರವನ್ನು ಹಿಡಿದುಕೊಳ್ಳುವುದನ್ನು ಅವನು ನೋಡಿದ್ದ. ಹಳಿ ಕಟ್ಟಿದ ಗಾಲಿ ಮಣ್ಣಿಗೆ ಕಚ್ಚಿ ತಾನೂ ಒಂದಿಷ್ಟು ತಡೆಯುತ್ತಿತ್ತು. ರಬ್ಬರು ತಡೆಯುವುದಿಲ್ಲ, ಉರುಳುತ್ತದೆ. ಹೊರೆ ಎರಡು ಪಟ್ಟಾದರೂ ಎತ್ತಿನ ಕುತ್ತಿಗೆ ಎರಡು ಪಟ್ಟಾಗಿರಲಿಲ್ಲ.

ಆ ಹೊತ್ತಿಗೆ ದೂರದ ಅಮೆರಿಕದಲ್ಲಿಯೂ ಒಕ್ಕಲಿಗರು ನಮ್ಮ ಮನೆಯ ಪ್ರಶ್ನೆಯನ್ನೇ ಕೇಳಿ ಮುಗಿಸಿದ್ದರು. ಮೋಟಾರು ಕೊಂಡ ರೈತ ಅದರ ಹಿಂಭಾಗ ಕೊಯ್ದು ಹಲಗೆ ಬಡಿದು ಮೂಟೆ ಹೇರುತ್ತಿದ್ದುದನ್ನು ಕಂಡು ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಗಾಡಿಗೆ ತಾನೇ ಪಿಕಪ್ ಬಾಡಿ ಕಟ್ಟಿ ಮಾರಿತು. ಎರಡನೆಯ ಮಹಾಯುದ್ಧ ಮುಗಿಯುತ್ತಲೇ, 1945ರಲ್ಲಿ, ವಿಲಿಸ್ ಕಂಪನಿ ತನ್ನ ಸೈನ್ಯದ ಜೀಪನ್ನು ರೈತರಿಗಾಗಿ ತಿದ್ದಿ ಹೊರತಂದಿತು. ಹೊಲದ ಕೆಲಸಕ್ಕೂ ದಿನದ ಓಡಾಟಕ್ಕೂ ಒಂದೇ ಗಾಡಿ ಎಂಬುದು ಅದರ ಜಾಹೀರಾತಿನ ತಿರುಳು. ಕೆಲವೇ ವರ್ಷಗಳಲ್ಲಿ ಮುಂಬಯಿಯಲ್ಲಿ ಮಹೀಂದ್ರಾ ಕಂಪನಿಯವರು ಆ ಜೀಪುಗಳನ್ನು ಜೋಡಿಸತೊಡಗಿದರು. ಕುಡಚಿ 1956ರ ತನಕ ಮುಂಬಯಿ ಪ್ರಾಂತದ ಕಡೆಯೇ ಇದ್ದ ಸೀಮೆ. ಗಾಡಿಯಾಗಲಿ ಬಿಡಿಭಾಗವಾಗಲಿ ಕೊಲ್ಲಾಪುರ, ಸಾಂಗಲಿ, ಮಿರಜಿನಿಂದಲೇ ನಮಗೆ ಬರಬೇಕು. ಹೀಗೆ ಕೈಯಿಂದ ಕೈಗೆ ದಾಟುತ್ತ 1974ರಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪು ನಮ್ಮ ಬಾಗಿಲಿಗೆ ಬಂದು ನಿಂತಿತು.

ಅದನ್ನು ತಂದವನು ಕಾಕಾ. ಅಪ್ಪನಿಗಿಂತ ಎಂಟು ವರ್ಷ ಚಿಕ್ಕವನು, ನನಗಿಂತ ಹನ್ನೆರಡು ವರ್ಷ ದೊಡ್ಡವನು. ಕಾಕಾನಿಗೆ ಗಾಡಿ ಎಂದರೆ ಜೀವ. ಪೇಟೆಯ ಗ್ಯಾರೇಜೊಂದರಲ್ಲಿ ಹಿಂದಿನ ಚಾಸಿಗೆ ಕೊಕ್ಕೆ ಬೆಸೆಸಿದ. ಎರಡು ಗಾಲಿಯ ಒಂದು ಸಣ್ಣ ಟ್ರೇಲರ್ ಕೊಂಡ. ಬೆಳಿಗ್ಗೆ ನಮ್ಮನ್ನು ಸಾಲೆಗೆ ಬಿಡುವುದು, ಮಧ್ಯಾಹ್ನ ಗೊಬ್ಬರ ಎಳೆಯುವುದು, ಸಂಜೆ ಅವ್ವನನ್ನು ಸಂತೆಗೆ ಕರೆದೊಯ್ಯುವುದು. ಎರಡೂ ಕೆಲಸಕ್ಕೆ ಒಂದೇ ಗಾಡಿ ಎಂಬ ಆಸೆ ಕೈಗೂಡಿತು ಎಂದೇ ನಾವು ತಿಳಿದಿದ್ದೆವು. ನಾಲ್ಕು ವರ್ಷ ಹಾಗೆಯೇ ನಡೆಯಿತು.

1978ರಲ್ಲಿ ಬೀಜದ ಕಬ್ಬು ತುಂಬಿಕೊಂಡು ಹಳ್ಳದ ದಾರಿಯಲ್ಲಿ ಇಳಿಯುತ್ತಿದ್ದ ಒಂದು ಮುಂಜಾನೆ, ತಿರುವಿನಲ್ಲಿ ದನವೊಂದು ಅಡ್ಡ ಬಂತು. ಕಾಕಾ ಬ್ರೇಕು ಒತ್ತಿದ. ಜೀಪಿಗೆ ಬ್ರೇಕು ಇತ್ತು, ಟ್ರೇಲರಿಗೆ ಇರಲಿಲ್ಲ. ಜೀಪು ನಿಲ್ಲಲು ಹೋಯಿತು, ಹಿಂದಿನ ಭಾರ ನಿಲ್ಲಲಿಲ್ಲ. ಅದು ಜೀಪಿನ ಬೆನ್ನಿಗೆ ಒತ್ತಿ, ಗಾಡಿಯನ್ನು ಅಡ್ಡ ತಿರುಗಿಸಿ, ಹಳ್ಳಕ್ಕೆ ತಳ್ಳಿತು. ಹಿಂದೆ ಕಬ್ಬಿನ ಮೇಲೆ ಕುಳಿತಿದ್ದ ನಾನು ಹಾರಿ ಬಿದ್ದು ಉಳಿದೆ. ಕಾಕಾನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಅವನಿಗೆ ಆಗ ಮೂವತ್ತು ವರ್ಷ.

ಗ್ಯಾರೇಜಿನವರ ಬೆಸುಗೆ ಬಿಟ್ಟಿತೆಂದು ಜನ ಆಡಿಕೊಂಡರು. ಅದು ಸುಳ್ಳು. ಬೆಸುಗೆ ಬಿಡಲಿಲ್ಲ, ಬಿಟ್ಟಿದ್ದರೆ ಟ್ರೇಲರ್ ಬೇರೆಯಾಗಿ ಕಾಕಾ ಉಳಿದುಕೊಳ್ಳುತ್ತಿದ್ದನೋ ಏನೋ. ಕೊಕ್ಕೆ ಗಟ್ಟಿಯಾಗಿಯೇ ಇತ್ತು. ಹಿತ್ತಲಿನಲ್ಲಿ ಇವತ್ತಿಗೂ ಇರುವುದು ಅದೇ ಕೊಕ್ಕೆ.

ಮುಂದೆ ಬಹಳ ವರ್ಷ ಕಾಕಾ ಕಟ್ಟೆಯ ಮೇಲೆ ಬಡಿಗೆ ಊರಿ ಕುಳಿತು, ಹಂಗಾಮಿನಲ್ಲಿ ಹೋಗುವ ಕಬ್ಬಿನ ಗಾಡಿಗಳನ್ನು ಎಣಿಸುತ್ತಿದ್ದ. ಯಾರಾದರೂ ಹೊಸ ಗಾಡಿ ತಂದು ತೋರಿಸಿದರೆ ಅವನದು ಒಂದೇ ಮಾತು: "ಎಳ್ಯಾಕ ಯಾವದಾದ್ರೂ ಎಳೀತೈತಿ. ಹಿಡ್ಯಾಕ ಯಾವದು ಹಿಡೀತೈತಿ, ಅದನ್ನ ನೋಡ್ರಿ."

ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿದದ್ದು ಟ್ರ್ಯಾಕ್ಟರ್ ಬಂದ ಮೇಲೆ. 1963ರಲ್ಲಿ ಮಹೀಂದ್ರಾದವರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದ್ದರು. ಅವರ ಬಿ-275 ಎಂಬುದು ಮೂವತ್ತೈದು ಅಶ್ವಶಕ್ತಿಯದು. ನಮ್ಮ ಜೀಪಿನ ಎಂಜಿನ್ನಿನ ಶಕ್ತಿ ಅದರ ಹತ್ತಿರ ಹತ್ತಿರ ಎರಡು ಪಟ್ಟು. ಆದರೂ ಜೀಪು ಹೆದರುವ ಹೊರೆಯನ್ನು ಟ್ರ್ಯಾಕ್ಟರ್ ನಿಧಾನವಾಗಿ ಎಳೆದುಕೊಂಡು ಹೋಗುತ್ತದೆ. ಎಳೆತ ಅಶ್ವಶಕ್ತಿಯೊಂದರ ಮಾತಲ್ಲ. ಗೇರು ಎಷ್ಟು ಭಾರದ್ದು, ಗಾಡಿಯ ಸ್ವಂತ ತೂಕ ಎಷ್ಟು, ಆ ತೂಕ ಎಳೆಯುವ ಗಾಲಿಯ ಮೇಲೆ ಎಷ್ಟು ಕೂಡುತ್ತದೆ, ಇವೆಲ್ಲ ಸೇರಿದ ಮಾತು. ಜೀಪು ಒಂದು ಟನ್ನಿನ ಆಚೀಚೆ, ಟ್ರ್ಯಾಕ್ಟರ್ ಎರಡು ಟನ್ನಿನ ಹತ್ತಿರ. ಹೊರೆ ಹೇರುವ ಬಗೆಯೂ ಅಷ್ಟೇ ಮುಖ್ಯ. ಟ್ರೇಲರಿನ ಹಿಂಭಾಗಕ್ಕೆ ಹೆಚ್ಚು ಹೇರಿದರೆ ಅದು ಮುಂದಿನ ಗಾಡಿಯ ಬಾಲವನ್ನೇ ಮೇಲಕ್ಕೆತ್ತಿ ಆಚೀಚೆ ಬೀಸುತ್ತದೆ. ಮುಂಭಾಗಕ್ಕೆ ಹೆಚ್ಚು ಹೇರಿದರೆ ಕೊಕ್ಕೆ ಕುಗ್ಗಿ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ಮುಂಗಾಲಿ ಎತ್ತಿದ ಟ್ರ್ಯಾಕ್ಟರ್ ನೋಡದವರು ನಮ್ಮ ಸೀಮೆಯಲ್ಲಿ ಯಾರೂ ಇರಲಿಕ್ಕಿಲ್ಲ.

1982ರಲ್ಲಿ ಅಪ್ಪ ಬ್ಯಾಂಕಿನ ಸಾಲದಲ್ಲಿ ಟ್ರ್ಯಾಕ್ಟರ್ ತಂದ. ಜೀಪು ಅದಕ್ಕೆ ಮೊದಲೇ ಗುಜರಿಗೆ ಹೋಗಿತ್ತು. ಕಾಕಾನಿಗೆ ಆದದ್ದು ಮತ್ತೆ ಯಾರಿಗೂ ಆಗಬಾರದೆಂದು ಅಪ್ಪ ಭಾರಕ್ಕೆ ತಕ್ಕ ಗಾಡಿಯನ್ನೇ ಆರಿಸಿದ್ದ. ಆದರೆ ದಿನದ ಓಡಾಟ? ಅದನ್ನೂ ಟ್ರ್ಯಾಕ್ಟರಿನ ಮೇಲೆಯೇ ಹಾಕಿದೆವು. ಜಾತ್ರೆಗೆ ಅದು, ಮದುವೆಯ ದಿಬ್ಬಣಕ್ಕೆ ಅದು.

1986ರ ಮಳೆಗಾಲದ ಒಂದು ರಾತ್ರಿ ತವರಿಗೆ ಬಂದಿದ್ದ ತಂಗಿಗೆ ಹೆರಿಗೆ ನೋವು ಎದ್ದಿತು. ಊರಿನ ಸೂಲಗಿತ್ತಿ ಕೈಚೆಲ್ಲಿದಳು. ರೈಲು ಬೆಳಗಿನ ಮಾತು, ಬಾಡಿಗೆ ಗಾಡಿ ಸಿಗಲಿಲ್ಲ. ಟ್ರೇಲರಿನಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ತಾಡಪತ್ರಿ ಕಟ್ಟಿ ಮಿರಜಿಗೆ ಹೊರಟೆವು. ಟ್ರ್ಯಾಕ್ಟರ್ ಎಷ್ಟು ಓಡೀತು? ಪ್ರತಿ ತಗ್ಗಿಗೂ ಒಳಗಿನಿಂದ ತಂಗಿಯ ದನಿ ಕೇಳುತ್ತಿತ್ತು. ಓಡಿಸುತ್ತಿದ್ದವನು ನಾನು. ತಂಗಿ ಉಳಿದಳು, ಕೂಸು ಉಳಿಯಲಿಲ್ಲ. ತಡವಾಯಿತೆಂದು ಡಾಕ್ಟರರು ಅನ್ನಲಿಲ್ಲ. ನಮಗೆ ಯಾರೂ ಅನ್ನಬೇಕಾಗಿರಲಿಲ್ಲ.

ಹೀಗೆ ಓಡಾಟದ ಗಾಡಿಗೆ ಭಾರ ಕಟ್ಟಿ ಒಂದು ಕಾಲು ಕಳೆದುಕೊಂಡೆವು. ಭಾರದ ಗಾಡಿಯಲ್ಲಿ ಓಡಾಡಲು ಹೋಗಿ ಒಂದು ಕೂಸು ಕಳೆದುಕೊಂಡೆವು. ಮಗನಿಗೆ ನಾನು ಕೂಡಲೇ ಉತ್ತರ ಕೊಡದಿದ್ದುದು ಇದಕ್ಕೆ.

ಮಗನ ಕಾಲಕ್ಕೆ ಗಾಡಿಗಳ ಕೊರತೆಯಿಲ್ಲ. 1986ರಲ್ಲಿ ಟಾಟಾ 407 ಬಂತು, 1988ರಲ್ಲಿ ಟಾಟಾದವರದೇ ಪಿಕಪ್ ಬಂತು, ಮುಂದೆ ಬೊಲೆರೊ ಪಿಕಪ್ ಹಳ್ಳಿ ಹಳ್ಳಿ ಹೊಕ್ಕಿತು, 2005ರಲ್ಲಿ ಟಾಟಾ ಏಸ್ ಬಂತು. ಉಳ್ಳವರಿಗೆ 2016ರಲ್ಲಿ ಇಸುಜುವಿನ ವಿ-ಕ್ರಾಸ್, 2022ರಲ್ಲಿ ಟೊಯೊಟಾದ ಹೈಲಕ್ಸ್. ಇವು ಕಾರಿನಂತೆ ಐದು ಜನ ಕೂಡುವ ಬಿಳಿ ಬೋರ್ಡಿನ ಗಾಡಿಗಳು, ನಮ್ಮ ಕಿಸೆಗೆ ದೂರ. ನಮ್ಮಂಥವರಿಗೆ ಹಳದಿ ಬೋರ್ಡಿನ ಮಾಲು ಗಾಡಿಯೇ ಗತಿ. ಅದರ ಹಿಂಭಾಗದಲ್ಲಿ ಮಂದಿ ಕೂಡಿಸಿಕೊಂಡು ಹೋಗುವುದು ಕಾಯ್ದೆಗೆ ವಿರುದ್ಧ. ಇನ್ನು ಟ್ರೇಲರ್ ಎಂಬುದು ಕಾಯ್ದೆಯ ಕಣ್ಣಿನಲ್ಲಿ ಬೇರೆಯೇ ವಾಹನ, ಅದಕ್ಕೆ ಅದರದೇ ನಂಬರು ಬೇಕು. ಇದನ್ನೆಲ್ಲ ಮಗ ನನಗಿಂತ ಚೆನ್ನಾಗಿ ಬಲ್ಲ. ಅವನು ತಪ್ಪಿದ್ದು ಒಂದೇ ಕಡೆ. ಪಿಕಪ್ಪಿನ ಮೇಲೆ ಒಂದೂವರೆ ಟನ್ನು ಹೇರಬಹುದು ಎಂಬುದನ್ನು, ಅದರ ಹಿಂದೆ ಎಷ್ಟಾದರೂ ಕಟ್ಟಬಹುದು ಎಂದು ಓದಿಕೊಂಡಿದ್ದ. ಬೆನ್ನಿನ ಮೇಲಿನ ಹೊರೆ ಗಾಡಿಯ ಗಾಲಿಗಳನ್ನು ನೆಲಕ್ಕೆ ಒತ್ತುತ್ತದೆ, ಬ್ರೇಕಿಗೆ ಹಿಡಿತ ಕೊಡುತ್ತದೆ. ಕೊಕ್ಕೆಯ ಹಿಂದಿನ ಹೊರೆ ಬರಿಯ ತಳ್ಳುತ್ತದೆ.

ಬಾಯಿಮಾತಿನಿಂದ ಅವನು ಒಪ್ಪುವವನಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಂದು ದಿನ ಗೊಬ್ಬರ ತುಂಬಿದ ಟ್ರೇಲರನ್ನು ಕಾಟಾದ ಮೇಲೆ ನಿಲ್ಲಿಸಿದೆವು. ಟ್ರ್ಯಾಕ್ಟರ್ ಕಳಚಿ ಟ್ರೇಲರ್ ಒಂದನ್ನೇ ತೂಗಿದರೆ ಐದು ಟನ್ನಿಗೆ ತುಸು ಹೆಚ್ಚು. ಆಮೇಲೆ ಅವನ ಗೆಳೆಯನ ಖಾಲಿ ಪಿಕಪ್ ನಿಲ್ಲಿಸಿದೆವು, ಎರಡು ಟನ್ನಿಗೂ ಕಡಿಮೆ. ಎರಡೂ ಚೀಟಿಗಳನ್ನು ಮಗ ಬಹಳ ಹೊತ್ತು ನೋಡಿದ. ನಾನು ಕಾಕಾನ ಮಾತು ಎತ್ತಲಿಲ್ಲ. ಅವನೇ ಕೇಳಿದ: "ಕಾಕಾಮುತ್ಯಾನ ಟ್ರೇಲರ್ ಎಷ್ಟ ತೂಕ ಇತ್ತು?" ಅದನ್ನು ಆಗ ಯಾರೂ ತೂಗಿರಲಿಲ್ಲ ಎಂದೆ.

ನನ್ನ ಮನಸ್ಸು ಟ್ರ್ಯಾಕ್ಟರ್ ಉಳಿಸಿಕೊಳ್ಳುವ ಕಡೆಗೇ ಇತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ಕುಡಚಿ–ಉಗಾರ ಸೇತುವೆ ಮುಳುಗಿದಾಗ, ಹೊಳೆದಂಡೆಯ ವಸ್ತಿಗಳಿಂದ ದನಕರು, ಕಾಳುಕಡಿ, ಮುದುಕರು ಹೊರಬಂದದ್ದು ಟ್ರ್ಯಾಕ್ಟರುಗಳ ಮೇಲೆಯೇ. ಅದನ್ನು ಹೇಳಿದೆ. ಮಗ ಇಲ್ಲ ಅನ್ನಲಿಲ್ಲ. ಒಂದು ಹಾಳೆಯ ಮೇಲೆ ಲೆಕ್ಕ ಬರೆದು ಮುಂದಿಟ್ಟ. ಕಬ್ಬನ್ನು ಈಗ ಕಾರ್ಖಾನೆಗೆ ಒಯ್ಯುವವರು ಗುತ್ತಿಗೆಯವರು, ಅದರ ಖರ್ಚು ನಮ್ಮ ಬಿಲ್ಲಿನಲ್ಲಿಯೇ ಮುರಿಯುತ್ತದೆ. ನಾವು ಟ್ರೇಲರ್ ಕಟ್ಟಿದ್ದು ಹೋದ ವರ್ಷ ಹದಿನಾಲ್ಕು ದಿನ. ಹಾಲು, ಕಾಯಿಪಲ್ಲೆ, ದವಾಖಾನೆ ಎಂದು ಊರು ಬಿಟ್ಟು ಓಡಾಡಿದ್ದು ಮುನ್ನೂರು ದಿನಕ್ಕೂ ಹೆಚ್ಚು. ಹದಿನಾಲ್ಕು ದಿನಕ್ಕೆ ಬಾಡಿಗೆ ಟ್ರ್ಯಾಕ್ಟರ್ ಓಣಿಯಲ್ಲೇ ಸಿಗುತ್ತದೆ. ನಡುರಾತ್ರಿ ಎದ್ದ ನೋವಿಗೆ ಬಾಡಿಗೆ ಗಾಡಿ ಸಿಗಲಿಕ್ಕಿಲ್ಲ.

ಕೊನೆಯ ಸಾಲನ್ನು ಅವನು ಬರೆದಿರಲಿಲ್ಲ, ಬಾಯಿಂದ ಹೇಳಿದ. ಅತ್ತೆಯ ಕೂಸಿನ ಸಂಗತಿ ಅವನಿಗೆ ಗೊತ್ತಿದೆ ಎಂಬುದು ನನಗೆ ಆವಾಗಲೇ ತಿಳಿದದ್ದು.

ನಾನು ಒಪ್ಪಿದೆ. ಒಂದೇ ಷರತ್ತು ಹಾಕಿದೆ: ಟ್ರ್ಯಾಕ್ಟರ್ ಜೊತೆ ಟ್ರೇಲರನ್ನೂ ಮಾರಬೇಕು. ಅಂಗಳದಲ್ಲಿ ಟ್ರೇಲರ್ ನಿಂತಿದ್ದರೆ ಇವತ್ತಲ್ಲ ನಾಳೆ ಯಾರಿಗಾದರೂ ಕಟ್ಟುವ ಮನಸ್ಸಾಗುತ್ತದೆ. ಬಾಡಿಗೆಗೆ ಬರುವವನು ತನ್ನ ಟ್ರೇಲರ್ ತಾನೇ ತರುತ್ತಾನೆ.

ಗಾಡಿ ತರಲು ಹೋದ ದಿನ ನಾನೂ ಜೊತೆಗಿದ್ದೆ. ಅಂಗಡಿಯ ಹುಡುಗ ರಬ್ಬರ್ ಮ್ಯಾಟು, ಸೀಟಿನ ಹೊದಿಕೆ ಎಲ್ಲ ತೋರಿಸಿ, ಕೊನೆಗೆ "ಹಿಂದ ಹುಕ್ಕ ಹಾಕಿಸಿಬಿಡ್ಲೇನ್ರಿ?" ಎಂದು ಕೇಳಿದ. ಮಗ ನನ್ನ ಕಡೆ ನೋಡಲಿಲ್ಲ.

"ಬ್ಯಾಡ. ಮನ್ಯಾಗ ಒಂದ ಐತಿ" ಎಂದ.