ಐಸಿಯು ಬಾಗಿಲಾಚೆ ಏನಾಯ್ತು?

ಭಾಗ 1/8

“ಐಸಿಯುನಿಂದ ವಾರ್ಡಿಗೆ ಹಾಕಿದ್ರಂತೆ” ಅನ್ನೋ ಫೋನ್ ಬಂದ್ರೆ ಮನೆಮಂದಿಗೆಲ್ಲ ಹೋದ ಜೀವ ಬಂದ ಹಾಗಾಗುತ್ತೆ. ಡಿಸ್ಚಾರ್ಜ್ ಆದ ದಿನ ದೇವರಿಗೆ ತುಪ್ಪದ ದೀಪ, ನೆಂಟರಿಗೆಲ್ಲ ಮೆಸೇಜು. ಕಥೆ ಅಲ್ಲಿಗೆ ಮುಗೀತು ಅಂದ್ಕೊಳ್ತೀವಿ.

ಆದರೆ ಮೂರು ತಿಂಗಳಾದ್ರೂ ಅವರಿಗೆ ಮೆಟ್ಟಿಲು ಹತ್ತೋಕಾಗಲ್ಲ. ಚಿಲ್ಲರೆ ಎಣಿಸುವಾಗ ಲೆಕ್ಕ ತಪ್ಪುತ್ತೆ. ರಾತ್ರಿ ಬೆಚ್ಚಿ ಏಳ್ತಾರೆ. ಸಣ್ಣ ಮಾತಿಗೂ ಕಣ್ಣಲ್ಲಿ ನೀರು, ಇಲ್ಲಾ ಸಿಟ್ಟು. ಆಗ ನಮ್ಮ ಬಾಯಲ್ಲಿ ಬರೋದು ಒಂದೇ ಮಾತು: “ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಲ್ಲ, ಇನ್ನೇನು? ಮನಸ್ಸು ಗಟ್ಟಿ ಮಾಡ್ಕೊಳ್ಳಿ.”

ಈ ಸಲದ ಸರಣಿ ಆ “ಇನ್ನೇನು?” ಅನ್ನೋ ಪ್ರಶ್ನೆಯದು. ವೈದ್ಯಲೋಕವೂ ಎಷ್ಟೋ ದಶಕ ರೋಗಿ ಬದುಕಿದ್ರಾ ಇಲ್ವಾ ಅನ್ನೋದನ್ನಷ್ಟೇ ಎಣಿಸಿತು. ಬದುಕಿದವರು ಹೇಗೆ ಬದುಕ್ತಿದ್ದಾರೆ ಅಂತ ಕೇಳೋಕೆ ಸುಮಾರು 50 ವರ್ಷ ಹಿಡೀತು. ನಡುವೆ ಇರೋದು ಒಂದು ಹಾರ್ಮೋನಿನ ಕಥೆ: ಕಾರ್ಟಿಸಾಲ್.

ಭಾಗ 2/8: ಬೆಕ್ಕು, ಇಲಿ ಮತ್ತು ಅಡ ಇಟ್ಟ ಒಡವೆ

ಮೊದಲು ಹಾರ್ವರ್ಡ್‌ಗೆ ಹೋಗೋಣ. ಅಲ್ಲಿನ ವಾಲ್ಟರ್ ಕ್ಯಾನನ್, ಬೊಗಳೋ ನಾಯಿ ಎದುರಾದಾಗ ಬೆಕ್ಕಿನ ಮೈಯಲ್ಲಿ ಏನಾಗುತ್ತೆ ಅಂತ ನೋಡಿದ್ರು. ಅಡ್ರಿನಲಿನ್ ನುಗ್ಗುತ್ತೆ, ಎದೆ ಹೊಡ್ಕೊಳ್ಳುತ್ತೆ, ರೋಮ ನಿಮಿರುತ್ತೆ. ಹೊಡೆದಾಡು, ಇಲ್ಲಾ ಓಡು. 1915ರಲ್ಲಿ ಅವರು ಇದನ್ನೆಲ್ಲ ಪುಸ್ತಕ ಮಾಡಿದ್ರು. ಆದರೆ ಅದು ನಿಮಿಷಗಳ ಆಟ. ಕಷ್ಟ ದಿನಗಟ್ಟಲೆ ಮುಂದುವರಿದ್ರೆ?

ಅದಕ್ಕೆ ಉತ್ತರ ಬಂದಿದ್ದು 1936ರಲ್ಲಿ, ಕೆನಡಾದ ಮಾಂಟ್ರಿಯಲ್‌ನಿಂದ. ಹಾನ್ಸ್ ಸೆಲ್ಯೆಗೆ ಆಗ 29 ವರ್ಷ. ‘ನೇಚರ್’ ಪತ್ರಿಕೆಯಲ್ಲಿ ಅವರ ಒಂದು ಪುಟ್ಟ ಪತ್ರ ಅಚ್ಚಾಯಿತು. ಇಲಿಗಳನ್ನ ಚಳಿಯಲ್ಲಿಟ್ಟರೂ, ಗಾಯ ಮಾಡಿದ್ರೂ, ಸುಸ್ತಾಗೋವರೆಗೆ ಓಡಿಸಿದ್ರೂ, ವಿಷದ ಸೂಜಿ ಚುಚ್ಚಿದ್ರೂ ಒಳಗೆ ಆಗಿದ್ದು ಒಂದೇ ಥರ. ಕಿಡ್ನಿ ಮೇಲೆ ಟೋಪಿ ಇಟ್ಟ ಹಾಗೆ ಕೂತಿರೋ ಅಡ್ರಿನಲ್ ಗ್ರಂಥಿ ಊದಿಕೊಳ್ತು, ರೋಗನಿರೋಧಕ ಶಕ್ತಿಗೆ ಬೇಕಾದ ಥೈಮಸ್ ಕುಗ್ಗಿತು, ಹೊಟ್ಟೆಯಲ್ಲಿ ಹುಣ್ಣಾಯ್ತು. ಹೊಡೆತ ಯಾವುದೇ ಇರಲಿ, ಮೈ ಕೊಡೋ ಉತ್ತರ ಒಂದೇ.

ಆ ಗ್ರಂಥಿಯಿಂದ ಬರೋದೇ ಕಾರ್ಟಿಸಾಲ್. ಬಿಪಿ ಬೀಳದ ಹಾಗೆ ನೋಡ್ಕೊಳ್ಳುತ್ತೆ, ಉರಿಯೂತ ಹದ್ದುಮೀರದ ಹಾಗೆ ತಡೆಯುತ್ತೆ, ಮೆದುಳಿಗೆ ಸಕ್ಕರೆ ಒದಗಿಸುತ್ತೆ. ಸಕ್ಕರೆ ಎಲ್ಲಿಂದ ತರುತ್ತೆ? ಸ್ನಾಯು ಕರಗಿಸಿ. ಕಷ್ಟ ಬಂದಾಗ ಮನೆಯ ಒಡವೆ ಅಡ ಇಟ್ಟು ಖರ್ಚು ತೂಗಿಸ್ತೀವಲ್ಲ, ಹಾಗೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಭಾಗ 3/8: ಕೈಯಿಂದ ಉಸಿರು ಕೊಟ್ಟ ವಿದ್ಯಾರ್ಥಿಗಳು

1952, ಡೆನ್ಮಾರ್ಕ್‌ನ ಕೋಪನ್‌ಹೇಗನ್. ಪೋಲಿಯೊ ಹಬ್ಬಿದೆ. ಬ್ಲೆಗ್ಡಾಮ್ ಆಸ್ಪತ್ರೆಗೆ ಬರೋ ಮಕ್ಕಳಿಗೆ ಉಸಿರಾಟದ ಸ್ನಾಯುಗಳೇ ಸೋತುಹೋಗಿವೆ. ಇಡೀ ಆಸ್ಪತ್ರೆಗೆ ಉಸಿರಾಟದ ದೊಡ್ಡ ಯಂತ್ರ ಒಂದು, ಸಣ್ಣವು ಆರು. ಯಂತ್ರದ ನೆರವು ಪಡೆದ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡ್ರು.

ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿಸಿ, ಕೊಳವೆ ಇಡಿಸಿ, ರಬ್ಬರ್ ಚೀಲವನ್ನ ಕೈಯಿಂದ ಒತ್ತಿ ಉಸಿರು ಕೊಟ್ರು. ಹುಡುಗಿ ಬದುಕಿದಳು. ಮಿಕ್ಕವರಿಗೆ ಚೀಲ ಒತ್ತೋರು ಯಾರು? ಮೆಡಿಕಲ್ ವಿದ್ಯಾರ್ಥಿಗಳು. ಸುಮಾರು 1500 ಜನ, ನಮ್ಮ ನಿಮ್ಮ ವಯಸ್ಸಿನವರೇ. ಪಾಳಿ ಮೇಲೆ ಹಗಲೂ ರಾತ್ರಿ ಮಂಚದ ಪಕ್ಕ ಕೂತು ಚೀಲ ಒತ್ತಿದ್ರು. ನೂರಕ್ಕೆ 80ಕ್ಕಿಂತ ಹೆಚ್ಚಿದ್ದ ಸಾವು ಅರ್ಧಕ್ಕೆ ಇಳೀತು.

1953ರ ಡಿಸೆಂಬರ್‌ನಲ್ಲಿ ಇಬ್ಸನ್ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೇ ಅಂತ ಒಂದು ವಿಭಾಗ ತೆರೆದ್ರು. ಜಗತ್ತಿನ ಮೊದಲ ಐಸಿಯು ಅಂತ ಬಹಳಷ್ಟು ಜನ ಹೇಳೋದು ಅದನ್ನೇ. ಅಂದ್ರೆ, ಮೊದಲಾದ್ರೆ ಒಂದೆರಡು ದಿನದಲ್ಲೇ ಸಾಯುತ್ತಿದ್ದವರು ಈಗ ವಾರಗಟ್ಟಲೆ ಬದುಕೋ ಹಾಗಾಯ್ತು. ಸೆಲ್ಯೆಯ ಇಲಿಗಳು ಕಂಡ ದೀರ್ಘ ಒತ್ತಡವನ್ನ ಮನುಷ್ಯರ ಮೈ ಐಸಿಯುನಲ್ಲಿ ಕಾಣೋಕೆ ಶುರುವಾಯ್ತು.

ಭಾಗ 4/8: ಹಾರ್ಮೋನ್ ಶತ್ರುನಾ?

“ಸ್ಟ್ರೆಸ್ ಹಾರ್ಮೋನ್ ಕೆಟ್ಟದ್ದು, ಕಮ್ಮಿ ಮಾಡ್ಕೊಳ್ಳಿ” ಅಂತ ರೀಲ್ಸ್‌ನಲ್ಲಿ ದಿನಾ ನೋಡ್ತೀರಲ್ಲ? ಹಾಗಾದ್ರೆ ಗ್ಲಾಸ್ಗೋದ ಕಥೆ ಕೇಳಿ.

1980ರ ದಶಕದ ಶುರು. ಅಪಘಾತದಲ್ಲಿ ತೀವ್ರ ಗಾಯವಾಗಿ ಐಸಿಯು ಸೇರಿದವರನ್ನ ಮಲಗಿಸಿಡೋಕೆ ಎಟೊಮಿಡೇಟ್ ಅನ್ನೋ ಔಷಧಿಯನ್ನ ಡ್ರಿಪ್‌ನಲ್ಲಿ ದಿನಗಟ್ಟಲೆ ಕೊಡ್ತಿದ್ರು. ಸಾವು ಯಾಕೋ ಹೆಚ್ತಾ ಇದೆ ಅನ್ನೋದು ಅಲ್ಲಿನ ವೈದ್ಯರಾದ ಲೆಡಿಂಗ್‌ಹ್ಯಾಮ್ ಮತ್ತು ವಾಟ್ ಅವರ ಗಮನಕ್ಕೆ ಬಂತು. 1983ರಲ್ಲಿ ‘ಲ್ಯಾನ್ಸೆಟ್’ಗೆ ಪತ್ರ ಬರೆದ್ರು. ಕಾರಣ ಆಮೇಲೆ ಗೊತ್ತಾಯ್ತು: ಕಾರ್ಟಿಸಾಲ್ ತಯಾರಾಗೋ ಕೊನೆ ಹಂತವನ್ನೇ ಆ ಔಷಧಿ ತಡೀತಿತ್ತು. ಒತ್ತಡದ ಹಾರ್ಮೋನ್ ಇಲ್ಲದೆ ಮೈ ಒತ್ತಡ ತಾಳಲ್ಲ.

ಸರಿ, ಹಾಗಾದ್ರೆ ಜಾಸ್ತಿ ಕೊಟ್ರೆ ಒಳ್ಳೇದಾ? ಅದನ್ನೂ ಮಾಡಿ ನೋಡಿದ್ರು. ಸೋಂಕು ಮೈಗೆಲ್ಲ ಏರಿ ಬಿಪಿ ಬಿದ್ದವರಿಗೆ ಭಾರೀ ಪ್ರಮಾಣದ ಸ್ಟಿರಾಯ್ಡ್ ಕೊಟ್ಟರೆ ಪ್ರಯೋಜನ ಇಲ್ಲ ಅಂತ 1987ರಲ್ಲಿ ಅಮೆರಿಕದ ಎರಡು ದೊಡ್ಡ ಪ್ರಯೋಗಗಳು ತೋರಿಸಿದ್ವು. ಆಮೇಲೆ ಕಡಿಮೆ ಪ್ರಮಾಣದ ಸರದಿ. 2018ರ ಎರಡು ಪ್ರಯೋಗಗಳಲ್ಲಿ ಒಂದರಲ್ಲಿ ಸಾವು ತಗ್ಗಿತು, ಇನ್ನೊಂದರಲ್ಲಿ ತಗ್ಗಲಿಲ್ಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಬಗ್ಗೆ ಹೇಳಿತು: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟರೆ ಸಾವು ಸುಮಾರು ಮೂರನೇ ಒಂದು ಪಾಲು ಇಳಿಯುತ್ತೆ. ಮರುವರ್ಷವೇ ನಮ್ಮಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ, ಹತೋಟಿಯಲ್ಲಿಲ್ಲದ ಶುಗರ್ ಜೊತೆ ಬೇಕಾಬಿಟ್ಟಿ ಸ್ಟಿರಾಯ್ಡ್ ಬಳಕೆಯೂ ಒಂದು ಕಾರಣ ಅಂದ್ರು ತಜ್ಞರು. ಅದೇ ಔಷಧಿ. ವ್ಯತ್ಯಾಸ ಯಾರಿಗೆ, ಯಾವಾಗ, ಎಷ್ಟು ಅನ್ನೋದರಲ್ಲಿ.

ಭಾಗ 5/8: ಮುಚ್ಚಿಹೋದ ಚರಂಡಿ

ಐಸಿಯು ರೋಗಿಗಳ ರಕ್ತದಲ್ಲಿ ಕಾರ್ಟಿಸಾಲ್ ಜಾಸ್ತಿ ಇರುತ್ತೆ. ಗ್ರಂಥಿ ಜೋರಾಗಿ ತಯಾರಿಸ್ತಿದೆ ಅಂತಲೇ ಎಲ್ಲರೂ ನಂಬಿದ್ರು. 2013ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಗ್ರೀಟ್ ವಾನ್ ಡೆನ್ ಬೆರ್ಗೆ ಅವರ ತಂಡ ಅಳೆದು ನೋಡಿದಾಗ ಬೇರೆಯೇ ಕಾಣಿಸ್ತು. ತಯಾರಿಕೆ ಏರಿತ್ತು, ಆದ್ರೆ ಅಂದ್ಕೊಂಡಷ್ಟಲ್ಲ. ಮುಖ್ಯ ವಿಷಯ, ಲಿವರ್ ಮತ್ತು ಕಿಡ್ನಿ ಅದನ್ನ ಒಡೆದು ಹೊರಹಾಕೋದನ್ನ ತುಂಬಾ ಕಡಿಮೆ ಮಾಡಿದ್ವು. “ತಯಾರಿಸು” ಅಂತ ಮೆದುಳಿನ ಬುಡದಿಂದ ಬರೋ ಆಜ್ಞೆಯಂತೂ ಕುಸಿದಿತ್ತು. ನಲ್ಲಿ ಜೋರಾಗಿ ಬಿಟ್ಟಿದ್ದಲ್ಲ, ಚರಂಡಿ ಕಟ್ಟಿದ್ದು.

ಇನ್ನು ಅಡ ಇಟ್ಟ ಒಡವೆ? ಅದೇ ವರ್ಷ ಲಂಡನ್ನಿನ ವೈದ್ಯರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನ ಸ್ಕ್ಯಾನ್ ಮಾಡಿದ್ರು. ಹತ್ತೇ ದಿನದಲ್ಲಿ ನೂರಕ್ಕೆ ಸುಮಾರು 18ರಷ್ಟು ಕರಗಿತ್ತು. ಇದಕ್ಕೆ ಕಾರ್ಟಿಸಾಲ್ ಒಂದೇ ಹೊಣೆ ಅಲ್ಲ. ಉರಿಯೂತ, ಅಲ್ಲಾಡದೆ ಮಲಗಿರೋದು, ಎಲ್ಲಾ ಸೇರುತ್ತೆ. ಆದ್ರೆ ಡಿಸ್ಚಾರ್ಜ್ ಆದವರು ಮೆಟ್ಟಿಲು ಹತ್ತೋಕಾಗಲ್ಲ ಅಂದ್ರೆ ಅದು ಸೋಮಾರಿತನ ಅಲ್ಲ. ಕಾಲಲ್ಲಿ ಇರಬೇಕಾದ ಸ್ನಾಯುವೇ ಇಲ್ಲ.

ಭಾಗ 6/8: ಕೊನೆಗೂ ಬಾಗಿಲಾಚೆ ನೋಡಿದವರು

2003ರಲ್ಲಿ ಟೊರೊಂಟೊದ ಮಾರ್ಗರೆಟ್ ಹೆರಿಡ್ಜ್ ತಂಡ, ಶ್ವಾಸಕೋಶ ತೀವ್ರವಾಗಿ ಕೆಟ್ಟು ಐಸಿಯು ಸೇರಿ ಬದುಕಿದ 109 ಜನರನ್ನ ಒಂದು ವರ್ಷ ಬೆನ್ನುಹತ್ತಿತು. ಶ್ವಾಸಕೋಶ ಬಹುಮಟ್ಟಿಗೆ ಸರಿಹೋಗಿತ್ತು. ಆದರೆ ವರ್ಷ ಕಳೆದ್ರೂ ಕೆಲಸಕ್ಕೆ ಮರಳಿದವರು ಸುಮಾರು ಅರ್ಧ ಮಾತ್ರ. ಕಾರಣ ಸ್ನಾಯು, ಸುಸ್ತು.

ಮೆದುಳಿನ ಲೆಕ್ಕ ಬಂದಿದ್ದು 2013ರಲ್ಲಿ, ಅಮೆರಿಕದ ನ್ಯಾಶ್‌ವಿಲ್‌ನಿಂದ. 821 ರೋಗಿಗಳ ಅಧ್ಯಯನ. ಬದುಕಿದವರಲ್ಲಿ ಮೂರು ತಿಂಗಳ ನಂತರ ನೂರಕ್ಕೆ 40 ಜನರ ಯೋಚನಾಶಕ್ತಿಯ ಅಂಕ, ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ಐಸಿಯುನಲ್ಲಿ ಹೆಚ್ಚು ದಿನ ಡೆಲಿರಿಯಂ ಇದ್ದವರಿಗೆ ಹೆಚ್ಚು ತೊಂದರೆ. ಡೆಲಿರಿಯಂ ಅಂದ್ರೆ ನಮ್ಮ ಅಜ್ಜಿಯರು “ಸನ್ನಿ ಹಿಡಿದಿದೆ, ಏನೇನೋ ಬಡಬಡಿಸ್ತಾ ಇದ್ದಾರೆ” ಅಂತಿದ್ರಲ್ಲ, ಅದು.

ಮನಸ್ಸು? ಮ್ಯೂನಿಕ್‌ನ ಗುಸ್ತಾವ್ ಶೆಲ್ಲಿಂಗ್ 1990ರ ದಶಕದಲ್ಲೇ ಇದನ್ನ ಕೆದಕಿದ್ರು. ಐಸಿಯುನ ಭಯದ ನೆನಪುಗಳು ಹೆಚ್ಚಿದ್ದವರಿಗೆ ಮುಂದೆ ಪಿಟಿಎಸ್‌ಡಿ ಹೆಚ್ಚು ಅಂತ ಕಂಡ್ರು. ಇನ್ನೊಂದು ಅಚ್ಚರಿ: ಚಿಕಿತ್ಸೆಯಲ್ಲಿ ಕಾರ್ಟಿಸಾಲ್‌ನದ್ದೇ ರೂಪವಾದ ಹೈಡ್ರೋಕಾರ್ಟಿಸೋನ್ ಪಡೆದವರಲ್ಲಿ ಪಿಟಿಎಸ್‌ಡಿ ಕಡಿಮೆ ಇತ್ತು. ಅಡ್ರಿನಲಿನ್ ಭಯದ ನೆನಪನ್ನ ಆಳಕ್ಕೆ ಕೊರೆದ್ರೆ, ಕಾರ್ಟಿಸಾಲ್ ಅದು ಪದೇ ಪದೇ ಮೇಲೆ ಬರೋದನ್ನ ತಗ್ಗಿಸಬಹುದು ಅನ್ನೋದು ಅವರ ವಿವರಣೆ. ಪ್ರಯೋಗ ತೀರಾ ಸಣ್ಣದು, ಅದನ್ನಿಟ್ಕೊಂಡು ಯಾರಿಗೂ ಮಾತ್ರೆ ಬರೆಯೋಕಾಗಲ್ಲ. ಆದ್ರೆ ಬೆಚ್ಚಿ ಏಳೋದಕ್ಕೂ ರಕ್ತದ ರಸಾಯನಕ್ಕೂ ನಂಟಿರಬಹುದು ಅನ್ನೋ ಬಾಗಿಲು ತೆರೀತು.

ಭಾಗ 7/8: ಹೆಸರು ಬಂತು, ಡೈರಿ ಬಂತು

2010ರಲ್ಲಿ ಅಮೆರಿಕದ ಐಸಿಯು ತಜ್ಞರ ಸಂಘ ಒಂದು ಸಭೆ ಕರೆದು, ಮೈ, ಮೆದುಳು, ಮನಸ್ಸು ಮೂರರ ತೊಂದರೆಗೂ ಸೇರಿಸಿ ಒಂದು ಹೆಸರಿಟ್ಟಿತು: ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್. 2012ರಲ್ಲಿ ಅದು ಪ್ರಕಟವಾಯ್ತು. ಮನೆಯವರಿಗೂ ಇದರ ಪೆಟ್ಟು ಬೀಳುತ್ತೆ ಅಂತ ಆ ಹೆಸರಿನೊಳಗೇ ಅವರಿಗೂ ಜಾಗ ಕೊಟ್ರು. ಇಬ್ಸನ್‌ರ ಐಸಿಯು ಶುರುವಾಗಿ ಆಗಲೇ 59 ವರ್ಷ.

ಪರಿಹಾರಗಳು ಮಾತ್ರ ಸರಳ. ದಿನಕ್ಕೊಮ್ಮೆ ನಿದ್ರೆ ಔಷಧಿ ನಿಲ್ಲಿಸಿ ಎಚ್ಚರಿಸೋದು. ವೆಂಟಿಲೇಟರ್ ಇದ್ದಾಗಲೇ ಕೈಕಾಲು ಆಡಿಸೋದು. ಇನ್ನೊಂದು ನನಗೆ ತುಂಬಾ ಇಷ್ಟ: ಡೈರಿ. ರೋಗಿಗೆ ಎಚ್ಚರ ಇಲ್ಲದ ದಿನಗಳಲ್ಲಿ ನರ್ಸ್‌ಗಳು, ಮನೆಯವರು ಏನೇನಾಯ್ತು ಅಂತ ಬರೆದಿಡ್ತಾರೆ. “ಇವತ್ತು ಮಗಳು ಬಂದಿದ್ದಳು, ಹೊರಗೆ ಮಳೆ” ಅನ್ನೋ ಥರ. ಯುರೋಪಿನ ಆರು ದೇಶಗಳಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡೈರಿ ಬೇಗ ಕೈಗೆ ಸಿಕ್ಕವರಲ್ಲಿ ಹೊಸದಾಗಿ ಪಿಟಿಎಸ್‌ಡಿ ಬಂದಿದ್ದು ನೂರಕ್ಕೆ 5 ಜನರಿಗೆ, ಸಿಗದವರಲ್ಲಿ 13. ಒಂದು ನೋಟ್‌ಬುಕ್, ಒಂದು ಪೆನ್ನು. ಅಷ್ಟೇ ಖರ್ಚು.

ಭಾಗ 8/8: ನಿಮಗೆ

ನಮ್ಮಲ್ಲಿ ಹೆರಿಗೆಯಾದವರಿಗೆ ಬಾಣಂತನ ಅಂತ ಒಂದಿದೆ. ಮೈ ದಣಿದಿದೆ, ತಿಂಗಳುಗಳೇ ಬೇಕು, ಬಿಸಿನೀರು, ಪಥ್ಯ, ಜೊತೆಗೊಬ್ಬರು. ಯಾರೂ “ಹೆರಿಗೆ ಆಯ್ತಲ್ಲ, ಇನ್ನೇನು?” ಅನ್ನಲ್ಲ. ಐಸಿಯುನಿಂದ ಬಂದವರಿಗೆ ಅಂಥದ್ದೊಂದು ಪದ ನಮ್ಮ ಭಾಷೆಯಲ್ಲಿ ಇನ್ನೂ ಹುಟ್ಟಿಲ್ಲ. ಪದ ಇಲ್ಲದಿದ್ರೂ ಆರೈಕೆ ಮಾಡಬಹುದು.

ನಿಮ್ಮ ಮನೇಲಿ ಯಾರಾದ್ರೂ ಈ ಸ್ಥಿತಿಯಲ್ಲಿದ್ರೆ:
• ಹೊರಗೆ ಬಂದ್ಮೇಲೂ ಫಿಸಿಯೋಥೆರಪಿ ಬೇಕಾ ಅಂತ ಡಾಕ್ಟರನ್ನ ಕೇಳಿ.
• ಸ್ಟಿರಾಯ್ಡ್ ಮಾತ್ರೆ ಬರೆದಿದ್ರೆ ನೀವಾಗೇ ದಿಢೀರ್ ನಿಲ್ಲಿಸಬೇಡಿ, ನೀವಾಗೇ ಮುಂದುವರಿಸಲೂ ಬೇಡಿ. ದಿನಗಟ್ಟಲೆ ಮಾತ್ರೆ ತಗೊಂಡ್ರೆ ಒಳಗಿನ ಗ್ರಂಥಿ ಮಲಗಿಬಿಟ್ಟಿರಬಹುದು.
• ಐಸಿಯುನಲ್ಲಿ ಕಂಡ ವಿಚಿತ್ರ ದೃಶ್ಯಗಳನ್ನ ಹೇಳಿದ್ರೆ ನಗಬೇಡಿ. ಅವರಿಗೆ ಅದು ನಿಜವಾಗಿ ನಡೆದದ್ದು. ನಿಜಕ್ಕೂ ಆ ದಿನ ಏನಾಯ್ತು ಅಂತ ನಿಧಾನಕ್ಕೆ ಹೇಳಿ.
• ಮನಸ್ಸು ತೀರಾ ಕುಸಿದಿದ್ರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಆರೈಕೆ ಮಾಡಿ ಸುಸ್ತಾದ ನಿಮಗೂ ಅದೇ ನಂಬರ್.

ಅಡ ಇಟ್ಟ ಒಡವೆ ಒಂದೇ ದಿನದಲ್ಲಿ ಬಿಡಿಸ್ಕೊಳ್ಳೋಕೆ ಆಗಲ್ಲ. ಕಂತು ಕಂತಾಗಿ ಬರುತ್ತೆ. ಅಲ್ಲಿವರೆಗೆ “ಇನ್ನೇನು?” ಅನ್ನೋ ಬದಲು “ಇವತ್ತು ಎಷ್ಟು ಮೆಟ್ಟಿಲು ಹತ್ತಿದ್ರಿ?” ಅಂತ ಕೇಳಿ.

ಸೇವ್ ಮಾಡ್ಕೊಳ್ಳಿ. ಬೇಕಾದವರಿಗೆ ಕಳಿಸಿ.

#ಕನ್ನಡದಲ್ಲಿ_ಇತಿಹಾಸ #ವೈದ್ಯಕೀಯ_ಇತಿಹಾಸ #ಐಸಿಯು_ನಂತರ